ಎರಡನೇ ಕುರ್ಚಿ

ವೇದಿಕೆಯ ಮೇಲೆ ಎರಡು ಕುರ್ಚಿ ಹಾಕಿದ್ದರು. ಎಡವಟ್ಟಾದದ್ದು ಅಲ್ಲೇ.

ನಮ್ಮ ಕಡೆ ಸನ್ಮಾನವೆಂದರೆ ಒಬ್ಬರಿಗೇ ಶಾಲು ಹೊದಿಸಿ ಕಳಿಸುವ ರೂಢಿಯಿಲ್ಲ. ಗಂಡನಿಗೆ ಸನ್ಮಾನವಾದರೆ ಹೆಂಡತಿಯನ್ನೂ, ಹೆಂಡತಿಗಾದರೆ ಗಂಡನನ್ನೂ ಮೇಲೆ ಕರೆದು, ಜೋಡಿಯಾಗಿ ಕೂರಿಸಿ ಹಾರ ಹಾಕಿದರೇ ಜನರಿಗೆ ಸಮಾಧಾನ. ಇಸಳೂರಿನ ಹೊಸ ಬಡಾವಣೆಯ ಬಾಸ್ಕೆಟ್‌ಬಾಲ್ ಕೋರ್ಟಿನ ಉದ್ಘಾಟನೆಗೂ ಯುವಕ ಸಂಘದ ಅಧ್ಯಕ್ಷ ಅಂದಾನಪ್ಪನವರು ರೂಢಿಯಂತೆ ಎರಡು ಕುರ್ಚಿ, ಎರಡು ಹಾರ, ಎರಡು ಪೇಟ ತರಿಸಿಟ್ಟಿದ್ದರು. ಸನ್ಮಾನಿತಳಿಗೆ ಮದುವೆಯೇ ಆಗಿಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಗಂಗಾಂಬಿಕಾ ನೋಯುವ ಮೊಣಕಾಲನ್ನು ಜೋಪಾನವಾಗಿ ಎತ್ತಿಡುತ್ತ ಮೆಟ್ಟಿಲು ಹತ್ತಿ ಬಂದಳು. ಕೆಳಗೆ ಕೂತವರೆಲ್ಲ ಕತ್ತು ಮೇಲೆತ್ತಿ ಅವಳ ಎತ್ತರ ನೋಡುತ್ತಿದ್ದರು. ಆರಡಿ ದಾಟಿದ ಹೆಣ್ಣು. ಇಂಥ ನೋಟಗಳಿಗೆ ಅವಳು ಎಂದೋ ಒಗ್ಗಿಹೋಗಿದ್ದಳು. ಒಗ್ಗದೇ ಉಳಿದದ್ದು ಪಕ್ಕದ ಖಾಲಿ ಕುರ್ಚಿ ಮಾತ್ರ.

"ನಿಮ್ಮ ಯಜಮಾನ್ರು ಎಲ್ಲದಾರ್ರಿ ಮೇಡಂ? ಕರೀರಿ, ಕರೀರಿ, ಟೈಮ್ ಆತು," ಎಂದರು ಅಂದಾನಪ್ಪ.

"ಇನ್ನೂ ಬಂದಿಲ್ರಿ."

"ಟ್ರಾಫಿಕ್ಕೇನ್ರಿ?"

"ಹೂಂನ್ರಿ. ಭಾಳ ಟ್ರಾಫಿಕ್. ಹೊಂಟು ಭಾಳ ವರ್ಷ ಆತು, ಇನ್ನೂ ಮುಟ್ಟಿಲ್ಲ."

ಅಂದಾನಪ್ಪನವರು ಏನೂ ಅರ್ಥವಾಗದೆ ತಲೆಯಾಡಿಸಿದರು. ಆದರೆ ವೇದಿಕೆಯ ಮೂಲೆಯಲ್ಲಿ ಮೈಕ್ ಸರಿಮಾಡುತ್ತಿದ್ದವನ ಕೈ ಅಲ್ಲೇ ನಿಂತಿತು. ಅವನು ತಿರುಗಿ ನೋಡಲಿಲ್ಲ. ಕಿವಿ ಮಾತ್ರ ಕೆಂಪಾಯಿತು. ಗಂಗಾಂಬಿಕಾಗೆ ಅಷ್ಟು ಸಾಕಿತ್ತು.

ಅವನು ಸುಭಾಷ್. ಶಿರಸಿಯಲ್ಲಿ ಮೈಕ್ ಸೆಟ್ ಇಟ್ಟುಕೊಂಡವನು. ಬನವಾಸಿಯಿಂದ ಯಲ್ಲಾಪುರದವರೆಗೆ ಯಾವ ಟೂರ್ನಮೆಂಟಿಗೂ ಅವನ ಕಾಮೆಂಟರಿ, ಯಾವ ಸಮಾರಂಭಕ್ಕೂ ಅವನ ನಿರೂಪಣೆ ಬೇಕೇ ಬೇಕು. ಮದುವೆಮನೆಯಲ್ಲಿ ಊಟದ ಪಂಕ್ತಿ ಕರೆದರೂ ಜನ ಕಿವಿಗೊಟ್ಟು ಕೇಳುವಂಥ ಕಂಠ. ಊರಿನ ಮಾತನ್ನೆಲ್ಲ ಆಡಿದ ಆ ಬಾಯಿಂದ ತನ್ನದೊಂದು ಮಾತು ಮಾತ್ರ ಹೊರಟಿರಲಿಲ್ಲ. ಮದುವೆ ಯಾಕಾಗಲಿಲ್ಲ ಎಂದರೆ, "ಮೈಕಿನ ಜೋಡಿ ಆಗೇತಲ್ರಿ" ಎಂದು ನಗಿಸಿಬಿಡುತ್ತಿದ್ದ.

ಗಂಗಾಂಬಿಕಾ ನಾಳೆ ಬೆಳಗ್ಗೆ ಹುಬ್ಬಳ್ಳಿಯಿಂದ ಹಿಂದಿ ಸೀಮೆಯ ರಾಯಪುರಕ್ಕೆ ರೈಲು ಹತ್ತಬೇಕು. ಅಲ್ಲಿನ ಅಕಾಡೆಮಿಯಲ್ಲಿ ಕೋಚ್ ಕೆಲಸ, ಮೂರು ವರ್ಷದ ಒಪ್ಪಂದ; ಪತ್ರಿಕೆಯಲ್ಲೂ ಬಂದಿತ್ತು. ಆಡುವ ಕಾಲ ಮುಗಿದಿತ್ತು. ಈ ಸನ್ಮಾನಕ್ಕೆ ಅವಳು ಒಪ್ಪಿದ್ದು ಶಾಲಿಗಾಗಿ ಅಲ್ಲ. ನಿರೂಪಣೆ ಯಾರದು ಎಂದು ಕೇಳಿ, ಹೆಸರು ಕೇಳಿದ ಮೇಲೆ ಒಪ್ಪಿದ್ದಳು. ಇವತ್ತೂ ಅವನು ಬಾಯಿ ಬಿಡದಿದ್ದರೆ ಇನ್ನು ಕಾಯುವುದಿಲ್ಲ ಎಂದು ಬಸ್ಸಿನಲ್ಲಿ ಬರುವಾಗಲೇ ನಿಶ್ಚಯಿಸಿಕೊಂಡಿದ್ದಳು.

ಅವಳು ಬೇಕೆಂದೇ ಮೈಕಿನ ಹತ್ತಿರ ಹೋಗಿ ನಿಂತಳು.

"ನಮಸ್ಕಾರ ಮೇಡಂ," ಎಂದ ಸುಭಾಷ್. ಹೇಳಿದವನೇ ಹಿಂದಿನ ಸ್ಪೀಕರ್ ಪೆಟ್ಟಿಗೆಯ ಕಟ್ಟೆ ಹತ್ತಿ, ಇಲ್ಲದ ವೈರು ಹುಡುಕತೊಡಗಿದ.

"ಯಾವ ಮೇಡಂ? ಒಂದ ಬಸ್ಸಿನಾಗ ಕಾಲೇಜಿಗೆ ಬರ್ತಿದ್ವಿ. ಆವಾಗ ಗಂಗಾ ಅಂತಿದ್ದಿ."

"ಆವಾಗ ನೀವು ಇಷ್ಟು ದೊಡ್ಡವರಿರಲಿಲ್ಲ."

"ಆವಾಗ್ಲೂ ಇಷ್ಟ ಉದ್ದ ಇದ್ದೆ."

ಅವನು ನಕ್ಕ. ಆದರೆ ಕಟ್ಟೆಯಿಂದ ಇಳಿಯಲಿಲ್ಲ. ಅವನು ಅವಳ ಪಕ್ಕ ನೆಲದ ಮೇಲೆ ನಿಲ್ಲುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಅದು ಶುರುವಾದದ್ದು ಯಲ್ಲಾಪುರದ ಕಾಲೇಜು ಟೂರ್ನಮೆಂಟಿನಲ್ಲಿ. ಫೈನಲ್ ಗೆದ್ದ ಕೂಡಲೇ ಸುಭಾಷ್ ಮೈಕ್ ಹಿಡಿದು ಓಡಿಬಂದಿದ್ದ. ಅವಳ ಬಾಯಿಯ ಮಟ್ಟಕ್ಕೆ ಮೈಕ್ ಎತ್ತಿ ಹಿಡಿಯಲು ಅವನು ತುದಿಗಾಲಲ್ಲಿ ನಿಂತಾಗ ಗುಂಪಿನಿಂದ ಒಬ್ಬ ಕೂಗಿದ, "ಏಣಿ ಹಾಕ್ಕೊಳ್ಳೋ!" ಮೈದಾನಕ್ಕೆ ಮೈದಾನವೇ ನಕ್ಕಿತು. ಗೆದ್ದ ಸಂತೋಷದಲ್ಲಿ ಅವಳೂ ನಕ್ಕುಬಿಟ್ಟಳು. ಅವನು ನಗಲಿಲ್ಲ.

"ಮಾನ್ಯರೇ!"

ಸುಭಾಷನ ಧ್ವನಿ ಕೋರ್ಟಿನ ತುಂಬ ಹರಡಿತು. ಗಂಗಾಂಬಿಕಾ ತನ್ನ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದಳು. ಈ ಧ್ವನಿ ಕೇಳಿದರೆ ಅವಳ ಕೈಗೆ ಈಗಲೂ ಚೆಂಡು ಬೇಕೆನಿಸುತ್ತಿತ್ತು.

"ಬನವಾಸಿಯ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಿದ ಹುಡುಗಿ, ಹದಿನೇಳರ ವಯಸ್ಸಿನಲ್ಲಿ ರಾಜ್ಯ ಜೂನಿಯರ್ ತಂಡಕ್ಕೆ ಆಯ್ಕೆಯಾದಳು!"

ಆ ಸುದ್ದಿ ಬಂದ ದಿನ ಇವನು ಯಾರದೋ ಮದುವೆಯಲ್ಲಿ ಮೈಕ್ ಹಿಡಿದಿದ್ದ. ಮಾಂಗಲ್ಯಧಾರಣೆಯಾದ ಬೆನ್ನಿಗೇ ಅವಳ ಹೆಸರು ಕೂಗಿಬಿಟ್ಟಿದ್ದನಂತೆ. ಬೀಗರಿಬ್ಬರೂ ಬೈದರೂ ಮಂಟಪ ಪೂರ್ತಿ ಚಪ್ಪಾಳೆ ಬಿದ್ದಿತ್ತಂತೆ.

"ರೈಲ್ವೆ ತಂಡ! ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ಚಿನ್ನ! ಫೈನಲ್ಲಿನಲ್ಲಿ ಅತಿ ಹೆಚ್ಚು ಪಾಯಿಂಟು ಯಾರದ್ದು?"

"ಗಂಗಕ್ಕಂದು!" ಎಂದು ಮಕ್ಕಳು ಕೂಗಿದವು.

ಆ ಚಿನ್ನದ ದಿನವೇ ಅವನು ಫೋನಿನಲ್ಲಿ ಮೊದಲ ಸಲ ಮೇಡಂ ಎಂದದ್ದು. ಭಾರತ ತಂಡದ ನಾಯಕಿಯಾದ ದಿನ ಫೋನೂ ಬರಲಿಲ್ಲ, ಕೈಮುಗಿದ ಚಿತ್ರವೊಂದು ಬಂತು. ಅವಳು ಒಂದೊಂದು ಮೆಟ್ಟಿಲು ಹತ್ತಿದ ಹಾಗೆಲ್ಲ ಅವನು ಒಂದೊಂದು ಹೆಜ್ಜೆ ಹಿಂದೆ ಸರಿದ. ಇಳಿದು ಹೋಗಿ ಕರೆಯೋಣವೆಂದರೆ, ಊರೆಲ್ಲ ಇನ್ನಷ್ಟು ಹತ್ತು ಎನ್ನುತ್ತಿತ್ತು.

"ಬ್ಯಾಂಕಾಕಿನ ಕ್ಲಬ್ಬಿಗೆ ವೃತ್ತಿಪರ ಆಟಗಾರ್ತಿ, ಎರಡು ಸೀಸನ್!"

ಬ್ಯಾಂಕಾಕಿನಲ್ಲಿ ಒಂದು ಸಂಜೆ ತಡೆಯಲಾರದೆ ಅವಳೇ ಫೋನ್ ಮಾಡಿದ್ದಳು. "ಇವತ್ತು ಕಡೀ ಬಾಸ್ಕೆಟ್ ನಾನ ಹಾಕಿದೆ. ಇಲ್ಲಿ ಕಾಮೆಂಟರಿ ನಂಗ ತಿಳಿಯಂಗಿಲ್ಲ. ನೀ ಹೇಳು." ನೋಡದ ಆಟವನ್ನು ಅವನು ಕಣ್ಣಿಗೆ ಕಟ್ಟುವಂತೆ ಹೇಳಿದ್ದ, ಎದುರಾಳಿಗಳಿಗೆಲ್ಲ ಬಾಯಿಗೆ ಬಂದ ಹೆಸರಿಟ್ಟು, ಅವಳನ್ನು ಗಾಳಿಯಲ್ಲಿ ತೇಲಿಸಿ, ಚೆಂಡು ಬಲೆಯೊಳಗೆ ಇಳಿಯುವಾಗ ಪಿಸುಮಾತಿಗೆ ಇಳಿದು. ಅವಳು ನಕ್ಕು ನಕ್ಕು, ಕೊನೆಗೆ ಅತ್ತಿದ್ದಳು. "ಮತ್ತೇನಾರ ಹೇಳೂದೈತೇನು?" ಎಂದು ಕೇಳಿದಾಗ, "ಬ್ಯಾಟರಿ ಮುಗೀತು ಮೇಡಂ" ಎಂದು ಇಟ್ಟುಬಿಟ್ಟಿದ್ದ. ಮೈಕ್ ಸೆಟ್ಟಿನವನ ಬ್ಯಾಟರಿ ಮುಗಿಯುವುದೆಂದರೆ ಯಾರು ನಂಬುತ್ತಾರೆ!

ಈಗ ಅವನ ಧ್ವನಿ ತಗ್ಗಿತು.

"ಆಮೇಲೆ ಮೊಣಕಾಲಿನ ಆಪರೇಷನ್. ಪತ್ರಿಕೆಯವರು ಆಟ ಮುಗಿಯಿತು ಎಂದು ಬರೆದರು. ಆದರೆ ಮಾನ್ಯರೇ, ಈ ಜೀವದ ದೊಡ್ಡ ಆಟ ನಡೆದದ್ದು ಯಾವ ಸ್ಟೇಡಿಯಮ್ಮಿನಲ್ಲೂ ಅಲ್ಲ. ಹುಬ್ಬಳ್ಳಿಯ ಆಸ್ಪತ್ರೆಯ ವರಾಂಡದಲ್ಲಿ, ವಾಕರ್ ಬಿಟ್ಟು, ಗೋಡೆಯನ್ನೂ ಹಿಡಿಯದೆ, ಹಲ್ಲು ಕಚ್ಚಿ ಮೊದಲ ಹೆಜ್ಜೆ ಇಟ್ಟಳು. ಚಪ್ಪಾಳೆ ತಟ್ಟೋಕೆ ಅಲ್ಲಿ ಯಾರೂ ಇರಲಿಲ್ಲ..."

ಗಂಗಾಂಬಿಕಾ ಕಣ್ಣು ತೆರೆದಳು.

ವಾಕರ್ ಬಿಡಬೇಡ ಎಂದು ಡಾಕ್ಟರು ಹೇಳಿದ್ದರು. ಅವ್ವ ಚಹಾ ತರಲು ಕೆಳಗೆ ಹೋದಾಗ ಕದ್ದು ಬಿಟ್ಟಿದ್ದಳು. ಬೈಸಿಕೊಳ್ಳುವ ಭಯಕ್ಕೆ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಆ ವರಾಂಡದಲ್ಲಿ ಯಾರೂ ಇರಲಿಲ್ಲ ಎಂದೇ ಅವಳು ಈವರೆಗೆ ತಿಳಿದಿದ್ದಳು.

ಸುಭಾಷನಿಗೂ ತಾನು ಆಡಿದ್ದು ಆಗ ಅರಿವಾಯಿತು. ಎಂದೂ ಕಿರುಗುಡದ ಅವನ ಮೈಕ್ ಕುಂಯ್ ಎಂದು ಕೂಗಿಕೊಂಡಿತು. ಮುಖವೆಲ್ಲ ಬೆವರಿ, ಅವಸರ ಅವಸರವಾಗಿ, "ಈಗ ಸನ್ಮಾನ... ಆ ಇನ್ನೊಂದು ಕುರ್ಚಿ ತೆಗೀರಿ ಯಾರಾದ್ರೂ," ಎಂದ.

ಅಂದಾನಪ್ಪನವರು ಕುರ್ಚಿಗೆ ಕೈ ಹಾಕಿದರು. ಅದರ ತೋಳನ್ನು ಗಂಗಾಂಬಿಕಾ ಗಟ್ಟಿಯಾಗಿ ಹಿಡಿದಿದ್ದಳು.

"ಇರಲಿ ಬಿಡ್ರಿ."

"ಖಾಲಿ ಚಂದ ಕಾಣಂಗಿಲ್ರಿ ಮೇಡಂ. ಫೋಟೋದಾಗ ಬರ್ತೈತಿ."

"ಖಾಲಿ ಯಾಕ ಇರ್ತೈತಿ?" ಅವಳು ಸುಭಾಷನನ್ನೇ ನೋಡಿದಳು. ಯಾವ ಫೈನಲ್ಲಿನಲ್ಲೂ ಅವಳು ಇಷ್ಟು ಹೆದರಿರಲಿಲ್ಲ. "ಆಸ್ಪತ್ರಿಗೆ ಬಂದಿದ್ದಿ."

ಅವನು ಮೈಕನ್ನು ಬಾಯಿಂದ ದೂರ ಹಿಡಿದ. "ಮೆಟ್ಟಲ ಹತ್ರ ನಿಂತಿದ್ದೆ."

"ಒಳಗ ಯಾಕ ಬರಲಿಲ್ಲ?"

"ನೀ ಎದ್ದು ನಿಂತಿದ್ದಿ, ಗಂಗಾ. ಬಾಜೂಕ ಬಂದು ಹೆಂಗ ನಿಂದರ್ಲಿ? ಊರು ನಗ್ತೈತಿ. ನೀನೂ..."

ಇಷ್ಟು ವರ್ಷ ಯಲ್ಲಾಪುರದ ಆ ಒಂದು ನಗುವನ್ನು ಅವನು ಹೊತ್ತು ತಿರುಗಿದ್ದ. ಅವಳಿಗೆ ದುಃಖ ಒತ್ತರಿಸಿ ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು.

"ನಿಂದರು ಅಂತ ಯಾರಂದ್ರು ನಿನಗ?" ಎಂದಳು. "ಕುಂದ್ರು ಬಾ."

ಸುಭಾಷ್ ಮೈಕ್ ಹಿಡಿದು ಕಂಬದಂತೆ ನಿಂತ. ಮುಂದಿನ ಸಾಲಿನಲ್ಲಿ ಕೂತಿದ್ದ ಅವಳ ತಾಯಿ ಪಾರ್ವತವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಗಂಗಾಂಬಿಕಾ ಕುರ್ಚಿಯ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ಏ ಸುಭಾಷ," ಎಂದಳು ಪಾರ್ವತವ್ವ. "ಹೋಗಪಾ. ನಿನ್ನ ದಾರಿ ನೋಡಿ ನೋಡಿ ನನ್ನ ಕಣ್ಣೂ ಮಂಜಾದ್ವು. ಆಸ್ಪತ್ರ್ಯಾಗ ನಾ ಚಾ ಹಿಡಕೊಂಡು ಬರುಮುಂದ ಮೆಟ್ಟಲ ಇಳಿದು ಓಡಿದವ ಯಾರಂತ ನಂಗ ಗೊತ್ತಿಲ್ಲಂತ ತಿಳದೀಯೇನು?"

ಯಾರೋ ಸೀಟಿ ಹೊಡೆದರು. ಸುಭಾಷ್ ಮೈಕನ್ನು ಮೇಜಿನ ಮೇಲಿಟ್ಟ. ಕೈಯಲ್ಲಿ ಮೈಕಿಲ್ಲದ ಸುಭಾಷನನ್ನು ಶಿರಸಿಯವರು ಕಂಡದ್ದೇ ಕಡಿಮೆ. ಕೈ ಎಲ್ಲಿಡಬೇಕೆಂದು ತಿಳಿಯದೆ ಅಂಗಿಗೆ ಒರೆಸಿಕೊಳ್ಳುತ್ತ ಬಂದು, ಕುರ್ಚಿಯ ತುದಿಯಲ್ಲಿ ಕೂತ.

"ಪೂರ್ತಿ ಕುಂದ್ರು."

ಹಿಂದೆ ಸರಿದು ಕೂತ. ಗಂಗಾಂಬಿಕಾ ಅವನತ್ತ ತಿರುಗಿದಳು. ಅವಳ ಉದ್ದವೆಲ್ಲ ಇದ್ದದ್ದು ಕಾಲಿನಲ್ಲಿ. ಕೂತಲ್ಲಿ ಅವನ ಕಣ್ಣು ಅವಳ ಕಣ್ಣಿಗೆ ನೇರವಾಗಿತ್ತು. ಅವಳು ಬಗ್ಗಬೇಕಿರಲಿಲ್ಲ, ಅವನು ಕತ್ತೆತ್ತಬೇಕಿರಲಿಲ್ಲ. ಇಷ್ಟು ಹತ್ತಿರದಿಂದ ಆ ಕಣ್ಣುಗಳನ್ನು ಅವಳು ನೋಡಿಯೇ ಇರಲಿಲ್ಲ. ರೆಪ್ಪೆಯ ತುದಿ ಒದ್ದೆಯಾಗಿತ್ತು.

"ನೋಡು," ಎಂದಳು ಮೆಲ್ಲಗೆ. "ಕುಂತ್ರ ಇಬ್ಬರೂ ಒಂದ ಎತ್ತರ."

ಅವನು ನೋಡಿದ. ಬಹಳ ಹೊತ್ತು ನೋಡಿದ. "ಇಷ್ಟು ವರ್ಷ ಸುಮ್ಮನ ನಿಂತ್ಕೊಂಡಿದ್ದೆ ನೋಡು," ಎಂದ. ಆಮೇಲೆ, "ರಾಯಪುರದಾಗ ಕಾಮೆಂಟರಿ ಹಿಂದೀಲಿ ಹೇಳಬೇಕಾ?"

"ನೀ ಬಂದ್ರ ಕನ್ನಡದಾಗ ಕೇಳ್ತಾರ."

ಅಂದಾನಪ್ಪನವರು ಖುಷಿಯಿಂದ ಇಬ್ಬರ ತಲೆಗೂ ಪೇಟ ಇಟ್ಟರು. ತಾವು ತರಿಸಿದ ಜೋಡಿ ಸಾಮಾನು ದಂಡವಾಗಲಿಲ್ಲವೆಂಬ ಹೆಮ್ಮೆ ಅವರ ಮುಖದಲ್ಲಿತ್ತು. ಹಾರ ಕೈಗೆತ್ತಿಕೊಂಡವರು ಮೇಜಿನ ಮೇಲೆ ಅನಾಥವಾಗಿ ಬಿದ್ದಿದ್ದ ಮೈಕ್ ನೋಡಿ ಗಾಬರಿಯಾದರು.

"ಅಲ್ರಿ, ಇನ್ನ ಮುಂದಿಂದು ಯಾರು ಮಾತಾಡೋರು?"

"ಯಾರೂ ಬ್ಯಾಡ್ರಿ," ಎಂದಳು ಪಾರ್ವತವ್ವ, ಕೂರುತ್ತ. "ಸ್ವಲ್ಪ ಹೊತ್ತು ಅವರಿಬ್ರ ಮಾತಾಡ್ಲಿ."