ಬೇಲಿಯಾಚೆಯ ಜೀವಶಾಸ್ತ್ರ

"ನನ್ನ ಕ್ಲಾಸಿನ ಮಕ್ಕಳ ಮೇಲೆ ದೂರು ಕೊಟ್ಟಿದ್ದು ನೀವೇ ಅಲ್ವಾ?"

ಜೆರಿನಾ ಕೇಳಿದ್ದು ಶಾಲೆಯ ಅಂಗಳದ ತಂತಿಬೇಲಿಯ ಈಚೆಯಿಂದ. ಆಚೆಗೆ ಜೀವಶಾಸ್ತ್ರದ ಮೇಷ್ಟ್ರು ವಿಂಕೊ. ಬೋಸ್ನಿಯಾದ ಆ ಊರಲ್ಲಿ ಕಟ್ಟಡ ಒಂದೇ, ಶಾಲೆಗಳು ಎರಡು. ಎರಡು ಕಡೆಯವರ ಯುದ್ಧ ಮುಗಿದಾಗಿನಿಂದ ವಿಂಕೊನ ಕಡೆಯ ಕ್ರೊಯಾಟ್ ಕ್ರೈಸ್ತ ಮಕ್ಕಳಿಗೆ ಮುಂದಿನ ಬಾಗಿಲು, ಜೆರಿನಾಳ ಕಡೆಯ ಮುಸ್ಲಿಂ ಮಕ್ಕಳಿಗೆ ಹಿಂದಿನದು. ಇದ್ದ ಒಂದೇ ಮೈಕ್ರೋಸ್ಕೋಪು ಮುಂದಿನವರ ಕಡೆ.

"ದೂರಲ್ಲ, ಅರ್ಜಿ," ಅಂದ ವಿಂಕೊ. "ವಾರಕ್ಕೊಂದು ಕ್ಲಾಸು ಎಲ್ಲ ಮಕ್ಕಳಿಗೂ ಒಟ್ಟಿಗೆ ಮಾಡ್ತೀವಿ ಅಂತ. ನಿಮ್ಮ ಹೆಸರೂ ಸೇರಿಸಿದೀನಿ."

"ನನ್ನನ್ನ ಕೇಳದೆ?"

"ಕೇಳಿದ್ರೆ ಬೇಡ ಅಂತಿದ್ರಿ."

ನಿಜವೇ. ಅವಳು ತುಟಿ ಕಚ್ಚಿ ನಗು ತಡೆದಳು. ಅವನು ಅದನ್ನೂ ನೋಡಿಬಿಟ್ಟ.

ಮನೆಯಲ್ಲಿ ಅಮ್ಮ ನಗಲಿಲ್ಲ. "ನಿಮ್ಮಪ್ಪನ್ನ ಕೊಂದಿದ್ದು ಅವನ ಕಡೆಯವರು. ಅದನ್ನ ಮರೀಬೇಡ."

"ಮರೆತಿಲ್ಲಮ್ಮ. ಅದಕ್ಕೇ ಆ ಕ್ಲಾಸಿಗೆ ಹೋಗ್ತಿದೀನಿ."

ಅರ್ಜಿ ಮಂಜೂರಾಯಿತು. ಗುರುವಾರ ಬೆಳಿಗ್ಗೆ ಅವಳು ಹನ್ನೊಂದು ಮಕ್ಕಳೊಡನೆ ಮುಂದಿನ ಬಾಗಿಲಿಗೆ ಬಂದರೆ, ಮೆಟ್ಟಿಲ ತುಂಬ ತಂದೆತಾಯಿಯರು ಅಡ್ಡ ನಿಂತಿದ್ದರು. ಎಲ್ಲರಿಗಿಂತ ಮುಂದೆ ವಿಂಕೊನ ಅಣ್ಣ ಸ್ಟಿಯೆಪಾನ್, ಯುದ್ಧದಲ್ಲಿ ಎಡಗೈ ಕಳೆದುಕೊಂಡವನು.

"ದಾರಿ ತಪ್ಪಿದ್ರಾ ಟೀಚರಮ್ಮ? ನಿಮ್ಮ ಬಾಗಿಲು ಹಿಂದಿದೆ."

ಜೆರಿನಾ ಮಕ್ಕಳನ್ನು ತನ್ನ ಬೆನ್ನ ಹಿಂದಕ್ಕೆ ಎಳೆದುಕೊಂಡಳು. ತಾನು ಮಾತ್ರ ಹಿಂದೆ ಸರಿಯಲಿಲ್ಲ. ವಿಂಕೊ ಒಳಗಿನಿಂದ ಜನರನ್ನು ಬಿಡಿಸಿಕೊಂಡು ಬಂದ.

"ಅಣ್ಣಾ, ದಾರಿ ಬಿಡು."

"ಇವಳಿಗೋಸ್ಕರ ನನಗೇ ಪಕ್ಕಕ್ಕೆ ಸರಿ ಅಂತೀಯಾ? ಹಾಗಾದ್ರೆ ಇನ್ನು ನಮ್ಮನೆ ಹೊಸ್ತಿಲು ತುಳೀಬೇಡ."

ವಿಂಕೊನ ಮುಖ ಬಿಳುಚಿತು. ತಿರುಗಿ ಒಳಗೆ ಹೋದ. ಮುಗೀತು ಅಂದುಕೊಂಡಳು ಜೆರಿನಾ. ಅಷ್ಟರಲ್ಲಿ ಅವನು ಮೈಕ್ರೋಸ್ಕೋಪನ್ನು ಎದೆಗವಚಿಕೊಂಡು ಬಂದ. ಅಂಗಳದ ಕಲ್ಲುಕಟ್ಟೆಯ ಮೇಲಿಟ್ಟು, ಅದರ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ, ಜೇಬಿನಿಂದ ಒಂದು ಈರುಳ್ಳಿ ತೆಗೆದು ಜೆರಿನಾಳಿಗೆ ಕೊಟ್ಟ.

"ಕ್ಲಾಸು ಇಲ್ಲೇ. ನೀವು ಇದರ ಪೊರೆ ಬಿಡಿಸ್ತೀರಾ? ಮಕ್ಕಳಿಗೆ ಜೀವಕೋಶ ತೋರಿಸೋಣ."

ಮಕ್ಕಳು ಸಾಲು ನಿಂತರು. ಸ್ವಲ್ಪ ಹೊತ್ತಿಗೆ ಕಟ್ಟಡದೊಳಗಿಂದ ಒಬ್ಬ ಹುಡುಗಿ ದೊಡ್ಡವರ ನಡುವೆ ನುಸುಳಿ ಬಂದು ಸಾಲಿನ ಕೊನೆಗೆ ಸೇರಿಕೊಂಡಳು. ಸ್ಟಿಯೆಪಾನನ ಮಗಳು ಯೆಲ್ಕಾ.

"ಯೆಲ್ಕಾ, ಒಳಗೆ ಬಾ."

"ನೋಡಿ ಬರ್ತೀನಪ್ಪ."

ಅವಳ ಹಿಂದೆ ಇನ್ನೂ ನಾಲ್ವರು ಬಂದರು. ಮಗಳು ಕಣ್ಣು ಕಿರಿದು ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡುವುದನ್ನೇ ಸ್ಟಿಯೆಪಾನ್ ನೋಡುತ್ತ ನಿಂತ. ಆಮೇಲೆ ಮೆಟ್ಟಿಲಿಳಿದು ಹೋದ.

ಗಂಟೆ ಹೊಡೆದು ಮಕ್ಕಳೆಲ್ಲ ಹೋದ ಮೇಲೆ ಜೆರಿನಾ ಮೆಲ್ಲಗೆ ಕೇಳಿದಳು: "ಅಣ್ಣನ್ನ ಕಳ್ಕೊಂಡ್ರಿ. ಯಾಕೆ?"

"ಅರ್ಜಿ ಬರೆದಿದ್ದು ಮಕ್ಕಳಿಗೋಸ್ಕರ." ವಿಂಕೊ ಗಾಜು ಒರೆಸುತ್ತಿದ್ದವನು ತಲೆಯೆತ್ತಿದ. "ನಿಮ್ಮ ಹೆಸರು ಸೇರಿಸಿದ್ದು ನನಗೋಸ್ಕರ."

ಈ ಸಲ ಅವಳು ತುಟಿ ಕಚ್ಚಲಿಲ್ಲ, ನಗಲೂ ಇಲ್ಲ. ತಾನೂ ಒಂದು ಗಾಜು ಎತ್ತಿಕೊಂಡು ಒರೆಸತೊಡಗಿದಳು.

"ಭಾನುವಾರ ಊಟಕ್ಕೆ ಮನೆಗೆ ಬಾ. ಅಮ್ಮ ಮಾತಾಡದೇ ಇರಬಹುದು. ಬಡಿಸದೇ ಇರಲ್ಲ."

ಬನ್ನಿ ಅನ್ನದೆ ಬಾ ಅಂದಿದ್ದು ಇಬ್ಬರಿಗೂ ಕೇಳಿಸಿತ್ತು.