ಬೀಳಲೊಲ್ಲದ ಬೊಮ್ಮಣ್ಣ

ನಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡದಿದ್ದ ಕಾಲದಲ್ಲಿ ಮಲ್ಲಾವತಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ಹೆಣ್ಣು ಗಂಡು ಎನ್ನದೆ ಎಲ್ಲರೂ ಕುಸ್ತಿ ಕಲಿಯಬೇಕು, ಅದು ರಾಜನ ಕಟ್ಟಳೆ. ಕೋಳಿ ಕೂಗುತ್ತಲೇ ಮಕ್ಕಳು ಗರಡಿಮನೆಗೆ ಬರುತ್ತಿದ್ದರು, ಸಂಜೆ ಕೆಲಸ ಮುಗಿಸಿ ದೊಡ್ಡವರು ಬರುತ್ತಿದ್ದರು. ಎಲ್ಲರಿಗೂ ಒಬ್ಬರೇ ಗುರು, ವಸ್ತಾದ್ ಸಂಜೀವಜಟ್ಟಿ. ಅವರು ಇರುವ ತನಕ ಗೂಬೆಗುಡ್ಡದ ಮಾಯಾವಿ ಧೂಮಾಂಗನಿಗೆ ಆ ರಾಜ್ಯದ ತಂಟೆಗೆ ಬರುವ ಧೈರ್ಯವಿರಲಿಲ್ಲ.

ವಸ್ತಾದರ ಪಟ್ಟಶಿಷ್ಯ ಬೊಮ್ಮಣ್ಣ. ಹೆತ್ತವರಿಲ್ಲದ ಅವನನ್ನು ವಸ್ತಾದರೇ ಅನ್ನ ಹಾಕಿ ಸಾಕಿದ್ದರು. ಬೊಮ್ಮಣ್ಣನ ಬೆನ್ನಿಗೆ ಈವರೆಗೆ ಮಣ್ಣು ಅಂಟಿಲ್ಲ ಅಂತ ಊರೇ ಹೇಳುತ್ತಿತ್ತು. ಊರು ಮರೆತರೆ ಅವನೇ ನೆನಪಿಸುತ್ತಿದ್ದ. "ಬೀಳೋದನ್ನೂ ಸ್ವಲ್ಪ ಕಲಿಯೋ" ಅಂತ ವಸ್ತಾದರು ಕರೆದಾಗಲೆಲ್ಲ, "ಅದು ಮಕ್ಕಳ ಪಾಠ, ಗುರುಗಳೇ" ಅಂತ ನಕ್ಕು ಜಾರಿಕೊಳ್ಳುತ್ತಿದ್ದ.

ಹೀಗಿರುವಾಗ ಸಂಜೆಯ ಪಾಠಕ್ಕೆ ಗಾಣದ ಚೌಡಯ್ಯ ಬಂದು ಸೇರಿದ. ಎಣ್ಣೆ ತೆಗೆಯುವ ಮನುಷ್ಯ, ನಲವತ್ತರ ಹತ್ತಿರ, ಮೈಗಿಂತ ಹೊಟ್ಟೆ ಒಂದು ಹೆಜ್ಜೆ ಮುಂದೆ. ವಸ್ತಾದರು ದಿನವೂ ಅವನನ್ನು ಒಳಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿಕೊಂಡು, ತಾವೇ ಕಲಿಸತೊಡಗಿದರು. ಒಳಗಿನಿಂದ ಧಡ್ ಧಡ್ ಅಂತ ಸದ್ದು ಬರುತ್ತಿತ್ತು. ಹಿಂದೆಯೇ ವಸ್ತಾದರು "ಭೇಷ್!" ಅನ್ನುವುದು ಕೇಳುತ್ತಿತ್ತು. ಬೊಮ್ಮಣ್ಣ ಆ ಮಾತು ಕೇಳಿ ಎಷ್ಟು ಕಾಲವಾಗಿತ್ತೋ ಏನೋ.

ಅವನ ಹೊಟ್ಟೆ ಉರಿಯಿತು. ಸುಮ್ಮನೆ ಅಲ್ಲ, ಧಗಧಗ ಉರಿಯಿತು. "ಮಗನ ಹಾಗೆ ಬೆಳೆದವನು ನಾನು. ಬಾಗಿಲು ಮುಚ್ಚಿ ಗುಟ್ಟಿನ ಪಟ್ಟು ಕಲಿಸೋದು ಈ ಎಣ್ಣೆಯವನಿಗಾ?" ಉಂಡ ಅನ್ನ ಮೈಗೆ ಹತ್ತಲಿಲ್ಲ, ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಚೌಡಯ್ಯ ಎದುರು ಸಿಕ್ಕಿ ನಕ್ಕರೂ ಹಂಗಿಸಿದ ಹಾಗೆ ಕಾಣುತ್ತಿತ್ತು.

ಹೊಟ್ಟೆಕಿಚ್ಚಿನ ವಾಸನೆ ಮಾಯಾವಿಗಳಿಗೆ ಬಲು ಬೇಗ ಸಿಗುತ್ತದೆ. ಬೇರುನಾರು ಮಾರುವ ಮುದುಕನ ವೇಷದಲ್ಲಿ ಧೂಮಾಂಗ ಗರಡಿಮನೆ ಬಾಗಿಲಿಗೆ ಬಂದ. "ತಗೋ ಮಗಾ, ಈ ಬೂದಿಯನ್ನ ಮಟ್ಟಿಗೆ ಬೆರೆಸು. ಅದರ ಮೇಲೆ ಮೊದಲು ಕಾಲಿಟ್ಟವನು ಮತ್ತೆ ಕುಸ್ತಿ ಆಡೋದಿಲ್ಲ."

ಮಟ್ಟಿ ಅಂದರೆ ಕುಸ್ತಿಯಾಡುವ ಕೆಮ್ಮಣ್ಣಿನ ಕಣ. ಅದಕ್ಕೆ ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ ಹದ ಮಾಡುವ ಕೆಲಸ ಬೊಮ್ಮಣ್ಣನದೇ. ಸಂಜೆ ಒಳಕೋಣೆಯ ಪಾಠಕ್ಕೆ ಮುಂಚೆ, ಎಲ್ಲರಿಗಿಂತ ಮೊದಲು ಮಟ್ಟಿಗಿಳಿದು ಕಸರತ್ತು ಮಾಡುವವನು ಚೌಡಯ್ಯ. ಬೊಮ್ಮಣ್ಣ ಮಣ್ಣು ಅಗೆದ, ಎಣ್ಣೆ ಹುಯ್ದ, ಬೂದಿಯನ್ನೂ ಬೆರೆಸಿ ಕಾದು ನಿಂತ.

ಆದರೆ ಹೊಸದಾಗಿ ಹದ ಮಾಡಿದ ಮಟ್ಟಿಗೆ ಗುರುವಿನ ಪಾದವೇ ಮೊದಲು ಬೀಳಬೇಕು. ಗರಡಿಯ ಕೂಸಿಗೂ ಗೊತ್ತಿರುವ ಈ ಮಾತು ಪಟ್ಟಶಿಷ್ಯನಿಗೆ ಮರೆತೇಹೋಗಿತ್ತು. ಉರಿ ಹೊಟ್ಟೆಯಲ್ಲಿದ್ದರೂ ಹೊಗೆ ಕಣ್ಣಿಗೇ ಅಡರುತ್ತದೆ, ನೋಡಿ. ಹಸಿ ಮಣ್ಣು ಕಂಡ ಚೌಡಯ್ಯ ಅಂಚಿನಲ್ಲೇ ಕೈಮುಗಿದು ನಿಂತ. ವಸ್ತಾದರು ಬಂದು, ಮಟ್ಟಿಗೆ ಹೂವಿಟ್ಟು, ಬಲಗಾಲು ಊರಿದರು. ಊರಿದವರು ಅಲ್ಲೇ ಕಲ್ಲಾದರು.

ಗರಡಿಯ ಮಾಡಿನ ಮೇಲೆ ಧೂಮಾಂಗ ಗಹಗಹಿಸಿ ನಕ್ಕ. ಮಾಯೆಗೂ ಒಂದು ನೇಮವಿದೆ. ಬಿಡಿಸುವ ದಾರಿ ಹೇಳದೆ ಕಟ್ಟುವಂತಿಲ್ಲ. "ಈ ಮಟ್ಟಿಯ ಹಸಿ ಆರೋದರೊಳಗೆ ನನ್ನ ಮೂರು ಮೃಗಗಳನ್ನ ಚಿತ್ ಮಾಡಿ, ಬೆನ್ನು ನೆಲಕ್ಕೆ ತಾಗಿಸಿ. ಇಲ್ಲದಿದ್ದರೆ ನಿಮ್ಮ ವಸ್ತಾದ ಎಂದೆಂದಿಗೂ ಕಲ್ಲು."

ಸುದ್ದಿ ಕೇಳಿ ಓಡಿಬಂದ ಮಕ್ಕಳು ಅಳುತ್ತಾ ಮಟ್ಟಿಗೆ ಬಿಂದಿಗೆ ಬಿಂದಿಗೆ ನೀರು ಸುರಿದರು. ಬೂದಿ ಎಲ್ಲವನ್ನೂ ಕುಡಿಯಿತು. ಬೊಮ್ಮಣ್ಣ ಯಾರ ಮುಖವನ್ನೂ ನೋಡದೆ ಗೂಬೆಗುಡ್ಡದ ಕಡೆ ಓಡಿದ. ಚೌಡಯ್ಯ ಏದುಸಿರು ಬಿಡುತ್ತಾ ಹಿಂದೆ ಹೊರಟ.

"ನೀನ್ಯಾಕೆ ಬರ್ತೀಯ?"

"ನನಗೂ ಗುರು ಅಲ್ವಾ, ಬೊಮ್ಮಣ್ಣ."

ಆ ಮಾತಿಗೂ ಬೊಮ್ಮಣ್ಣನ ಮೈ ಉರಿಯಿತು. "ನಿನಗೆ ಬಾಗಿಲು ಮುಚ್ಚಿ ಕಲಿಸಿದ ಪಟ್ಟು ಯಾವುದು, ಹೇಳು."

ಚೌಡಯ್ಯ ನಾಚಿ ತಲೆ ತಗ್ಗಿಸಿದ. "ಅಯ್ಯೋ, ಅದನ್ನ ನಿಮ್ಮಂಥವರ ಮುಂದೆ ಹೇಳೋದಾ?"

ಮುಚ್ಚಿಡುತ್ತಾನೆ, ಕಳ್ಳ, ಅಂದುಕೊಂಡ ಬೊಮ್ಮಣ್ಣ.

ಗುಡ್ಡದ ಬುಡದಲ್ಲಿ ಕಬ್ಬಿಣದ ಕೂದಲಿನ ಕರಡಿ ಅಡ್ಡ ಬಂತು. ಬೊಮ್ಮಣ್ಣ ಸೊಂಟ ಹಿಡಿದು ಎತ್ತಿ ಬಡಿದ. ಕರಡಿ ಚಿತ್. ಗುಡ್ಡದ ನಡುವೆ ಬೆಂಕಿ ಉಗುಳುವ ಕೋಣ ಬಂತು. ಬೊಮ್ಮಣ್ಣ ಕೊಂಬು ತಿರುಚಿ ಕೆಡವಿದ. ಕೋಣ ಚಿತ್. ಎರಡು ಸಲವೂ ಓರೆಗಣ್ಣಿನಲ್ಲಿ ಚೌಡಯ್ಯನನ್ನು ನೋಡಿದ. ಇದು ನಿನ್ನ ಕೈಲಾಗುತ್ತಾ, ಅನ್ನುವ ಹಾಗೆ.

ಗುಡ್ಡದ ನೆತ್ತಿಯಲ್ಲಿ ಒಂದು ಉಡವಿತ್ತು. ಗೇಣುದ್ದದ್ದು. ಬೊಮ್ಮಣ್ಣ ನಕ್ಕು ಬಗ್ಗುವಷ್ಟರಲ್ಲಿ ಅದು ಅವನ ಬೆನ್ನೇರಿ ಕಚ್ಚಿಕೊಂಡು ಕೂತಿತು. ಉಡದ ಹಿಡಿತ ಗೊತ್ತಲ್ಲ, ಗೋಡೆ ಬಿದ್ದರೂ ಬಿಡುವುದಿಲ್ಲ. ಮೇಲಾಗಿ ಇದು ಹೊಟ್ಟೆಕಿಚ್ಚು ತಿಂದು ಬೆಳೆಯುವ ಉಡ. ಒಳಕೋಣೆಯ ಮುಚ್ಚಿದ ಬಾಗಿಲು ನೆನಪಾಯಿತು, ಉಡ ನಾಯಿಯಷ್ಟಾಯಿತು. ಭೇಷ್ ಅಂದದ್ದು ನೆನಪಾಯಿತು, ಎತ್ತಿನಷ್ಟಾಯಿತು. ಕೈ ಹಿಂದೆ ಹಾಕಿದರೆ ನಿಲುಕದು, ಕೊಡವಿದರೆ ಉದುರದು.

"ಬೊಮ್ಮಣ್ಣ, ಹಿಂದಕ್ಕೆ ಬಿದ್ದುಬಿಡಿ," ಅಂದ ಚೌಡಯ್ಯ. "ಅದು ನಿಮ್ಮ ಬೆನ್ನ ಮೇಲಿದೆ. ನೀವು ಬಿದ್ದರೆ ಮೊದಲು ಅದರ ಬೆನ್ನೇ ನೆಲಕ್ಕೆ ತಾಗುತ್ತೆ."

"ನಾನು ಬೀಳೋನಲ್ಲ. ನಿನ್ನ ಮುಂದೆ ಅಂತೂ ಅಲ್ಲ."

ಉಡ ಆನೆಯಷ್ಟಾಯಿತು. ಕೆಳಗೆ ಗರಡಿಮನೆಯ ಕಡೆಯಿಂದ ಮಕ್ಕಳು ಗೋಳಾಡುವುದು ಕೇಳಿಸಿತು. ಮಟ್ಟಿ ಬಿರುಕು ಬಿಡುತ್ತಿತ್ತು. ತನಗೆ ಮೊದಲ ತುತ್ತು ಉಣಿಸಿದ ಕೈ ಇನ್ನು ಕಲ್ಲಾಗಿಯೇ ಉಳಿಯುತ್ತದೆ ಅನ್ನುವುದು ಬೊಮ್ಮಣ್ಣನ ಎದೆಗೆ ನಾಟಿತು.

"ಚೌಡಯ್ಯಣ್ಣ," ಅಂದ. ಹಾಗೆ ಕರೆದದ್ದು ಅದೇ ಮೊದಲು. "ನನಗೆ ಬೀಳೋಕೆ ಬರಲ್ಲ. ಹೇಳಿಕೊಡು."

"ನನಗೆ ಬರೋದು ಅದೊಂದೇ, ಬೊಮ್ಮಣ್ಣ. ದಿನಾ ಒಳಗೆ ಕಲಿತದ್ದೂ ಅದನ್ನೇ. ಈ ವಯಸ್ಸಿನಲ್ಲಿ ಧಡ್ ಅಂತ ಬೀಳೋದನ್ನ ಮಕ್ಕಳು ನೋಡಿ ನಗ್ತಾವೆ ಅಂತ ನಾನೇ ಬಾಗಿಲು ಮುಚ್ಚಿಸಿದ್ದು. ಗದ್ದ ಎದೆಗೆ ಒತ್ತಿಕೊಳ್ಳಿ. ಉಸಿರು ಬಿಡಿ. ನೆಲದ ಮೇಲೆ ಕೋಪ ಬೇಡ."

ಬೊಮ್ಮಣ್ಣ ಗದ್ದ ಒತ್ತಿಕೊಂಡ. ಉಸಿರು ಬಿಟ್ಟ. ಬಿದ್ದ.

ಗುಡ್ಡ ಅದುರಿತು. ಉಡದ ಬೆನ್ನು ನೆಲಕ್ಕೆ ತಾಗಿ, ಅದು ಪಟ್ಟೆಂದು ಒಡೆದು ಹೊಗೆಯಾಯಿತು. ಹೊಗೆಯೊಂದಿಗೆ ಧೂಮಾಂಗನೂ ಗಾಳಿಯಲ್ಲಿ ಕರಗಿದ. ಬೊಮ್ಮಣ್ಣನ ಬೆನ್ನು ಮಣ್ಣು ಮುಟ್ಟಿತು.

ಇಬ್ಬರೂ ಓಡಿ ಬಂದಾಗ ವಸ್ತಾದರು ಕೈಕಾಲು ಕೊಡವುತ್ತಾ ನಿಂತಿದ್ದರು. ಬೊಮ್ಮಣ್ಣ ಕಾಲಿಗೆ ಬಿದ್ದು ಬೂದಿಯ ಕತೆಯನ್ನೆಲ್ಲ ಎಲ್ಲರ ಮುಂದೆಯೇ ಹೇಳಿದ. ಚೌಡಯ್ಯನ ಕಡೆಗೂ ತಿರುಗಿ ಕೈಮುಗಿದ. ವಸ್ತಾದರು ಅವನನ್ನು ಹಿಡಿದೆತ್ತಿ, ಬೆನ್ನಿಗೆ ಅಂಟಿದ್ದ ಮಣ್ಣು ನೋಡಿದರು.

"ನಾಳೆಯಿಂದ ಬೆಳಗಿನ ಪಾಠಕ್ಕೆ ಬಾ," ಅಂದರು.

ಮಲ್ಲಾವತಿಗೆ ಮತ್ತೆ ಯಾವ ಮಾಯಾವಿಯ ಕಾಟವೂ ಬರಲಿಲ್ಲ. ಅಲ್ಲಿಯ ಜನ ಗಟ್ಟಿ ಉಂಡರು, ಗಟ್ಟಿ ನಕ್ಕರು, ಬಿದ್ದರೂ ಎದ್ದರು. ಬೊಮ್ಮಣ್ಣ ಮರುದಿನ ಕೋಳಿ ಕೂಗುತ್ತಲೇ ಹೋಗಿ ಮಕ್ಕಳ ಸಾಲಿನ ಕೊನೆಯಲ್ಲಿ ನಿಂತ. ಅವನ ಮೊಣಕಾಲಿನೆತ್ತರದ ದ್ಯಾವಿ ಎಂಬ ಹುಡುಗಿ ಕತ್ತೆತ್ತಿ ನೋಡಿದಳು.

"ಅಣ್ಣಾ, ಇಷ್ಟು ದೊಡ್ಡೋನಾದ್ರೂ ನಿನಗೆ ಬೀಳೋಕೆ ಬರಲ್ವಾ?"

"ಒಂದೇ ಸಲ ಬಿದ್ದಿರೋದು ಕಣಮ್ಮ," ಅಂದ ಬೊಮ್ಮಣ್ಣ.

"ಹಂಗಾದ್ರೆ ನನ್ನ ಪಕ್ಕ ನಿಂತ್ಕೋ," ಅಂತ ಅವಳು ಸರಿದು ಜಾಗ ಬಿಟ್ಟಳು.