ಕೆಂಪು ಕಾರಿನ ಚಾವಣಿ

ಆ ಕೆಂಪು ಕಾರಿನ ಡ್ರೈವರ್ ಸೀಟಿನಲ್ಲಿ ಯಾರೋ ಒಬ್ಬಳು ಕೂತಿದ್ದಳು!

ಉಜ್ಜಿನಿ ಗೇಟಿನ ಬಳಿಯೇ ನಿಂತುಬಿಟ್ಟಳು. ಭಾನುವಾರದ ಬೆಳಗ್ಗೆ ತಲೆಗೆ ಎರೆದುಕೊಂಡು, ಇದ್ದುದರಲ್ಲಿ ಒಳ್ಳೆಯ ಹಸಿರು ಚೂಡಿದಾರ್ ಹಾಕಿಕೊಂಡು, ರಾಯದುರ್ಗದ ಬಳ್ಳಾರಿ ರಸ್ತೆಯಲ್ಲಿರುವ ಹಳೇ ಕಾರುಗಳ ಶೆಡ್ಡಿಗೆ ಬಿರಬಿರನೆ ನಡೆದು ಬಂದಿದ್ದಳು. ಬಂದು ನೋಡಿದರೆ... ಭೀಮೇಶ್ ಕಿಟಕಿಗೆ ಬಗ್ಗಿ ನಗುತ್ತಿದ್ದಾನೆ. ಒಳಗೆ ಕೂತವಳು ಸ್ಟೀರಿಂಗ್ ಹಿಡಿದು ಅವನಿಗಿಂತ ಜೋರಾಗಿ ನಗುತ್ತಿದ್ದಾಳೆ.

"ಬಾ ಉಜ್ಜಿನಿ. ಇವ್ಳು ನಾಗಲಕ್ಷ್ಮಿ, ನಮ್ಮ ಅತ್ತೆ ಮಗಳು. ಮಡಕಶಿರದ ಮಂಡಲ ಆಫೀಸ್ನಾಗೆ ಕೆಲಸ ಮಾಡ್ತಾಳೆ," ಎಂದ ಭೀಮೇಶ್.

ಅತ್ತೆ ಮಗಳು...

ಉಜ್ಜಿನಿಗೆ ಅಷ್ಟೇ ಸಾಕಾಯಿತು. ಅತ್ತೆ ಮಗಳೆಂದರೆ ಬರೀ ನೆಂಟರವಳೇನು? ಕೇಳದೆಯೇ ಹಕ್ಕಿರುವ ಹುಡುಗಿ. ಹೊರಗಿನವಳು ವರ್ಷಗಟ್ಟಲೆ ಕಾಯಬೇಕು. ಇವಳು ಹುಟ್ಟಿದ ದಿನವೇ ಸಾಲಿನಲ್ಲಿ ಮುಂದೆ ನಿಂತಿರುತ್ತಾಳೆ.

"ಬಾವ ನಿಮ್ ಬಗ್ಗೆ ಬಾಳ ಹೇಳ್ತಿರ್ತಾನೆ ಕಣ್ರಿ," ಎಂದಳು ನಾಗಲಕ್ಷ್ಮಿ.

"ಹೌದೇನ್ರಿ. ನಿಮ್ಮ ಬಗ್ಗೆ ನಮಗೇನೂ ಹೇಳಿಲ್ರಿ ಮಾಸ್ಟ್ರು," ಎಂದಳು ಉಜ್ಜಿನಿ. ಬಾಯಿ ನಕ್ಕಿತು, ಹೊಟ್ಟೆ ಉರಿಯಿತು.

ಭೀಮೇಶ್ ಅವಳು ದುಡಿಯುವ ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಮಡಕಶಿರದ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವನು. ಅವನು ಕತ್ತರಿಸಿದ್ದನ್ನು ಅವಳು ಹೊಲಿಯುತ್ತಾಳೆ. ಅವನಿಗೆ ಒಂದೇ ಹುಚ್ಚು. ಒಂದು ಹಳೇ ಸ್ಪೋರ್ಟ್ಸ್ ಕಾರು ಕೊಳ್ಳಬೇಕು, ಅದರ ಸ್ಪ್ರಿಂಗ್ ಗಟ್ಟಿ ಮಾಡಬೇಕು, ಅಗಲ ಟೈರ್ ಹಾಕಬೇಕು, ಸೈಲೆನ್ಸರ್ ಬದಲಾಯಿಸಬೇಕು, ಮಣ್ಣಿನ ಹಾದಿಯ ರೇಸಿಗೆ ಇಳಿಸಬೇಕು. ಯುಗಾದಿಯ ನಂತರ ಪ್ರತಿ ಭಾನುವಾರವೂ ಇಬ್ಬರೂ ಸೇರಿ ಕಾರು ನೋಡಿದ್ದರು. ಗುಂತಕಲ್ಲಿಗೂ ಹೋಗಿದ್ದರು, ಬಳ್ಳಾರಿಗೂ ಹೋಗಿದ್ದರು.

"ಇಂಜಿನ್ ನಾನ್ ನೋಡ್ತೀನಿ. ಸೀಟು, ಮ್ಯಾಟು, ಒಳಗಿನ ಹೊಲಿಗೆ ಎಲ್ಲಾ ನೀನು ನೋಡು. ನಿನ್ ಕಣ್ಣಿಗೆ ಮೋಸ ಆಗಲ್ಲ," ಎಂದು ಮೊದಲ ದಿನವೇ ಹೇಳಿದ್ದ. ಆ ಮಾತನ್ನು ಅವಳು ಪ್ರೀತಿಯ ಮಾತೆಂದೇ ಎತ್ತಿಟ್ಟುಕೊಂಡಿದ್ದಳು. ಬೇರೆ ಮಾತನ್ನು ಅವನು ಆಡಿರಲಿಲ್ಲ, ಇವಳೂ ಕೇಳಿರಲಿಲ್ಲ.

ಈಗ ಶೆಡ್ಡಿನಲ್ಲಿ ಎರಡು ಕಾರುಗಳಿದ್ದವು. ಒಂದು ಈ ಕೆಂಪು, ಎರಡೇ ಬಾಗಿಲಿನ ಸುಂದರಿ. ಇನ್ನೊಂದು ಬಿಳಿ ಎಸ್ಟೀಮ್. ನೋಡಲು ಸಾದಾ, ಆದರೆ ರೇಸಿನವರು ಹುಡುಕಿ ಕೊಳ್ಳುವ ಕಾರು. ಇಂಜಿನ್ ಗಟ್ಟಿ, ಬಿಡಿಭಾಗ ಎಲ್ಲ ಊರಲ್ಲೂ ಸಿಗುತ್ತದೆ.

"ಬಾವ, ನಾನು ಎರಡೂ ಓಡಿಸಿ ನೋಡ್ದೆ. ಬಿಳೀದೇ ತಗೋ. ಕೆಂಪುದ್ರ ಸ್ಟೀರಿಂಗ್ ಒಂದು ಕಡೆಗೆ ಎಳೀತೈತೆ," ಎಂದಳು ನಾಗಲಕ್ಷ್ಮಿ.

ಓ... ಕಾರು ಓಡಿಸಲೂ ಬರುತ್ತದೆ ಮಹಾರಾಣಿಗೆ!

ಉಜ್ಜಿನಿ ಮಾತಾಡದೆ ಕೆಂಪು ಕಾರಿನೊಳಗೆ ಕೂತು ತನ್ನ ಕೆಲಸ ಶುರು ಮಾಡಿದಳು. ಸೀಟು ತಡವಿದಳು, ಮ್ಯಾಟು ಎತ್ತಿದಳು. ಚಾವಣಿಯ ಬಟ್ಟೆಗೆ ಕೈ ಹೋದಾಗ ಮೂಲೆಯಲ್ಲಿ ಅಂಚು ಸ್ವಲ್ಪ ಬಿಟ್ಟಿತ್ತು. ಬೆರಳಿನಿಂದ ಸರಿಸಿ ನೋಡಿದಳು.

ದಪ್ಪ ಕಿತ್ತಳೆ ದಾರ. ಜೀನ್ಸ್ ಪ್ಯಾಂಟಿಗೆ ಹಾಕುವ ದಾರ.

ಕಾರಿನ ಕಂಪನಿಯವರು ಈ ದಾರ ಹಾಕುವುದಿಲ್ಲ. ಜೀನ್ಸ್ ಹೊಲಿಯುವ ಇದೇ ಊರಲ್ಲಿ ಯಾರೋ ಬಟ್ಟೆ ಬಿಚ್ಚಿ ಮತ್ತೆ ಹೊಲಿದಿದ್ದಾರೆ. ಒತ್ತಿದರೆ ಬಟ್ಟೆಯ ಹಿಂದೆ ತಗಡು ಏರುಪೇರಾಗಿ ಕೈಗೆ ಸಿಕ್ಕಿತು. ಕಾರು ಪಲ್ಟಿ ಹೊಡೆದಿದೆ; ನಜ್ಜುಗುಜ್ಜಾದ ಚಾವಣಿಯನ್ನು ತಟ್ಟಿ ನೆಟ್ಟಗೆ ಮಾಡಿದ್ದಾರೆ. "ಏನಾದ್ರೂ ಇರ್ಲಿ, ಪಲ್ಟಿ ಹೊಡೆದ ಗಾಡಿ ಮಾತ್ರ ಬ್ಯಾಡ," ಎಂದು ಭೀಮೇಶ್ ಪ್ರತಿ ಸಲ ಹೇಳುತ್ತಿದ್ದ.

"ಹೆಂಗೈತೆ ಉಜ್ಜಿನಿ?" ಅವನು ಕಿಟಕಿಗೆ ಬಂದು ಕೇಳಿದ.

ಅವನ ಹೆಗಲ ಹಿಂದೆ ನಾಗಲಕ್ಷ್ಮಿಯ ನಗುಮುಖ ಕಂಡಿತು. 'ಇವಳ ಮಾತೇ ನಡೆಯಬೇಕೇ? ಇಷ್ಟು ಭಾನುವಾರ ಬಿಸಿಲಲ್ಲಿ ಸುತ್ತಿದವಳು ನಾನು. ಒಂದು ದಿನ ಬಂದವಳು ಆರಿಸುವುದೇ?'

"ಒಳಗೆಲ್ಲ ಚಲೋ ಐತ್ರಿ. ನನಗ ಇದೇ ಮನಸಿಗೆ ಬಂತು," ಎಂದುಬಿಟ್ಟಳು.

ಭೀಮೇಶ್ ಬಿಳಿ ಕಾರಿನ ಕಡೆ ಒಮ್ಮೆ ನೋಡಿದ. ಆಮೇಲೆ ಇವಳ ಮುಖ ನೋಡಿ, "ಅಂಗಾದ್ರೆ ಇದೇ ಇರ್ಲಿ. ನಾಳೆ ಊಟದ ಹೊತ್ತಿಗೆ ಬಂದು ಮಾತು ಮುಗಿಸ್ತೀನಿ," ಎಂದ.

ಗೆದ್ದಳು ಉಜ್ಜಿನಿ. ಆದರೆ ಮನೆಗೆ ಹೋದ ಮೇಲೆ ತಟ್ಟೆಯಲ್ಲಿದ್ದ ಅನ್ನವನ್ನು ಹಾಗೇ ಮುಚ್ಚಿಟ್ಟಳು.

ಸೋಮವಾರ ಮಷಿನ್ ಮುಂದೆ ಕೂತರೂ ಅದೇ ಯೋಚನೆ. ಅದೇ ಕಿತ್ತಳೆ ದಾರ ಸೂಜಿಯಲ್ಲಿ ಓಡುತ್ತಿತ್ತು. ಹೇಳಿದರೆ ತಾನು ಸುಳ್ಳುಗಾತಿ, ಅವನ ಕಣ್ಣಿನಲ್ಲಿ ಕೀಳಾಗುವವಳು. ಹೇಳದಿದ್ದರೆ... ಮುಂದಕ್ಕೆ ಯೋಚಿಸಲು ಅವಳಿಗೆ ಧೈರ್ಯ ಬರಲಿಲ್ಲ.

ಊಟದ ಬೆಲ್ ಆಯಿತು. ಭೀಮೇಶ್ ಆಗಲೇ ಶೆಡ್ಡಿಗೆ ಹೊರಟುಹೋಗಿದ್ದ. ಉಜ್ಜಿನಿ ಎದ್ದು ಬಾಗಿಲಿಗೆ ಬಂದರೆ, ಎದುರಿಗೆ ನಾಗಲಕ್ಷ್ಮಿ! ಕೈಯಲ್ಲಿ ಒಂದು ತಟ್ಟೆ. ಅದರಲ್ಲಿ ಎಲೆ ಅಡಿಕೆ, ರವಿಕೆ ಕಣ, ಮಲ್ಲಿಗೆ ಹೂವು.

"ನಿಮ್ಮನ್ನ ನೋಡಾಕೇ ರಜಾ ಹಾಕಿ ಬಂದಿದ್ದು ನಾನು. ಕಾರು ನೋಡೋದು ಬರೀ ನೆಪ," ಎಂದಳು ನಾಗಲಕ್ಷ್ಮಿ. "ನಮ್ಮ ಮನೆತನದಾಗೆ ಒಂದು ರೂಢಿ ಐತೆ. ಅತ್ತೆ ಮಗಳು ಇರುವಾಗ ಹೊರಗಿನ ಹುಡುಗೀನ ತರ್ಬೇಕಂದ್ರೆ, ಆ ಅತ್ತೆ ಮಗಳೇ ಕಣ್ಣಾರೆ ನೋಡಿ, ಕೈಯಾರೆ ತಾಂಬೂಲ ಕೊಟ್ಟು ಕರೀಬೇಕು. ನಾನ್ ಕೊಡದೆ ಬಾವನ ಅವ್ವ ಹೂಂ ಅನ್ನಲ್ಲ."

ಉಜ್ಜಿನಿ ತಟ್ಟೆಯನ್ನೂ ಅವಳ ಮುಖವನ್ನೂ ನೋಡಿದಳು. "ಮತ್ತ... ನೀವು?"

"ಅವ್ನು ಮೂಗು ಸೋರಿಸ್ಕೊಂಡು ಓಡಾಡಿದ್ದು ನೋಡಿದೀನಿ ಕಣ್ರಿ. ನನಗ್ಯಾಕೆ ಬೇಕು?" ನಾಗಲಕ್ಷ್ಮಿ ನಕ್ಕಳು. "ಅವನಿಗೂ ಬಿಳೀ ಕಾರೇ ಇಷ್ಟ ಇತ್ತು. ನೀವು ಮೆಚ್ಚಿದ್ರಿ ಅಂತ ಕೆಂಪುದ್ನ ತಗಳಾಕೆ ಹೋದ. ತಗೊಳ್ರಿ ತಾಂಬೂಲ."

ಉಜ್ಜಿನಿ ಎರಡೂ ಕೈ ಹಿಂದಕ್ಕೆ ಎಳೆದುಕೊಂಡಳು.

"ಈಗ ತಗೊಳ್ಳಾಕ ನನಗ ಮುಖ ಇಲ್ರಿ," ಎಂದವಳೇ ಓಡಿದಳು. ಮಷಿನ್ ತುಳಿಯಲು ಬಿಚ್ಚಿಟ್ಟ ಚಪ್ಪಲಿ ಅಲ್ಲೇ ಉಳಿಯಿತು. ಡಾಂಬರು ಕಾದು ಅಂಗಾಲು ಸುಡುತ್ತಿದ್ದರೂ ನಿಲ್ಲಲಿಲ್ಲ.

ಶೆಡ್ಡಿನ ಮಾಲೀಕ ಜಯಣ್ಣ ಆಗಲೇ ಕೆಂಪು ಕಾರಿನ ಬೀಗದ ಕೈ ಹಿಡಿದು ನಿಂತಿದ್ದ.

"ಮಾಸ್ಟ್ರೇ, ಮಾತು ಕೊಡಬ್ಯಾಡ್ರಿ!"

ಭೀಮೇಶ್ ತಿರುಗಿ ನೋಡಿದ. ಅವಳು ಕಾರಿನೊಳಗೆ ನುಗ್ಗಿ ಚಾವಣಿಯ ಬಟ್ಟೆಯ ಮೂಲೆ ಎಳೆದಳು.

"ದಾರ ನೋಡ್ರಿ. ನಮ್ಮ ಪ್ಯಾಂಟಿನ ದಾರ. ಇದು ಪಲ್ಟಿ ಹೊಡೆದ ಗಾಡಿ. ನಾನು ನಿನ್ನೇನ ನೋಡಿದ್ದೆ. ನೋಡಿನೂ ಚಲೋ ಐತಿ ಅಂದೆ."

ಜಯಣ್ಣ ತಕ್ಷಣ ಫೋನ್ ಬಂದವನಂತೆ ಅದನ್ನು ಕಿವಿಗಿಟ್ಟುಕೊಂಡು ಶೆಡ್ಡಿನ ಹಿಂದಕ್ಕೆ ಹೋದ.

"ಯಾಕೆ?" ಎಂದ ಭೀಮೇಶ್.

"ಆಕಿ ಬಿಳೀದು ತಗೋ ಅಂದ್ಲಲ್ರಿ, ಅದಕ್ಕ. ಆಕಿ ಮಾತು ನಡೀಬಾರದು ಅಂತ. ನನಗ ಹೊಟ್ಟೆಕಿಚ್ಚು ಬಂತು." ಅವಳು ತಲೆ ಎತ್ತಲಿಲ್ಲ.

ಅವನು ಬಟ್ಟೆ ಸರಿಸಿ ಏರುಪೇರಾದ ತಗಡನ್ನು ಬೆರಳಿನಿಂದ ತಡವಿದ. ಬಯ್ದಿದ್ದರೂ ಆಗುತ್ತಿತ್ತು ಎನಿಸಿತು ಅವಳಿಗೆ.

"ಈ ಕಾರ್ನಾಗೆ ನನ್ ಪಕ್ಕ ಯಾರು ಕೂರ್ತಾರೆ ಅನ್ಕಂಡಿದ್ದೆ?"

"ಆಕಿ... ನಿಮ್ಮ ಅತ್ತಿ ಮಗಳು."

"ನೀನು ಕಣೆ." ಅವನು ಚಾವಣಿಯತ್ತ ಕೈ ತೋರಿಸಿದ. "ಇನ್ನೊಂದು ಸಲ ಉರುಳಿದ್ರೆ ಈ ಚಾವಣಿ ಬೀಳ್ತಿದ್ದುದು ನಿನ್ ತಲೆ ಮ್ಯಾಲೆ. ಸಿಟ್ಟು ಬಂದಿರೋದು ಸುಳ್ಳಿಗಲ್ಲ, ಇದಕ್ಕೆ."

ಉಜ್ಜಿನಿ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿಸಿ, "ಬಿಳೀದು ತಗೊಳ್ರಿ ಮಾಸ್ಟ್ರೇ. ಅದು ಎಲ್ಲೈತಿ?" ಎಂದಳು.

ಬಿಳಿ ಕಾರು ನಿಂತಿದ್ದ ಜಾಗ ಖಾಲಿಯಿತ್ತು. ಬೆಳಗ್ಗೆಯೇ ಕಲ್ಯಾಣದುರ್ಗದವರು ಯಾರೋ ತೆಗೆದುಕೊಂಡು ಹೋಗಿದ್ದರು. ಭೀಮೇಶ್ ಆ ಖಾಲಿ ನೆಲವನ್ನು ನೋಡುತ್ತ ನಿಂತ.

"ನನ್ನಿಂದ ಹೋತು. ಇಂಥಾಕಿ ಬ್ಯಾಡ ಅಂದ್ರೂ ನಾನೇನೂ ಅನ್ನಾಂಗಿಲ್ರಿ," ಎಂದಳು.

ಅವನು ಅವಳ ಪಾದ ನೋಡಿದ. ಅಂಗಾಲು ಕೆಂಪಗಾಗಿತ್ತು.

"ನಿಜ ಹೇಳಾಕೆ ಬರಿಗಾಲ್ನಾಗೆ ಓಡ್ಬಂದೋಳ್ನ ಬ್ಯಾಡ ಅಂತೀನಾ? ಕಾರು ಇನ್ನೊಂದು ಹುಡುಕಾನ. ಉಜ್ಜಿನಿ... ನನ್ನ ಮದ್ವೆ ಆಗ್ತೀಯಾ?"

ಅಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತಿತು. ನಾಗಲಕ್ಷ್ಮಿ ಏದುಸಿರು ಬಿಡುತ್ತ ಇಳಿದಳು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಉಜ್ಜಿನಿಯ ಚಪ್ಪಲಿ. "ಈಗಲಾದ್ರೂ ತಗೊಳ್ರಿ ತಾಯಿ, ಹೂವು ಬಾಡ್ತೈತೆ," ಎಂದಳು.

ಉಜ್ಜಿನಿ ಸೆರಗಿನಂತೆ ದುಪಟ್ಟಾ ಒಡ್ಡಿ ತಾಂಬೂಲ ತೆಗೆದುಕೊಂಡಳು. ನಾಗಲಕ್ಷ್ಮಿ ಜಾಣೆ. ಆಟೋದಲ್ಲಿ ಏನೋ ಮರೆತವಳ ಹಾಗೆ ಅತ್ತ ಹೋದಳು.

"ಇನ್ಮ್ಯಾಗೆ ಹೊಟ್ಟೆಕಿಚ್ಚು ಬಂದ್ರೆ ಬಾಯ್ಬಿಟ್ಟು ಹೇಳು. ಒಳಗಿಟ್ಕೊಬ್ಯಾಡ," ಎಂದ ಭೀಮೇಶ್.

"ಈಗ ಹೇಳ್ಲೇನ್ರಿ?"

"ಈಗಲೂ ಐತಾ? ಯಾರ್ ಮ್ಯಾಲೆ?"

"ಒಪ್ಪಿಗಿ ಅಂತ ನಾನು ತಾಂಬೂಲ ತಗೊಂಡು ನಿಂತೀನಿ. ನೀವು ಇನ್ನೂ ಆ ಬಿಳೀ ಕಾರು ಹೋದ ಜಾಗಾನ ನೋಡ್ತೀರಿ. ನನಗ ಅದು ಸೇರಂಗಿಲ್ರಿ."

ಭೀಮೇಶ್ ನಗುತ್ತ ಅವಳ ಕಡೆ ಪೂರ್ತಿ ತಿರುಗಿದ. ಆಮೇಲೆ ಆ ಕಡೆ ನೋಡಲಿಲ್ಲ.